ಜನರೇಟರಿಗೆ ಕಟ್ಟಿದ ತಟ್ಟಿ

ಐವರ್ನಾಡಿನ ಯೂಸುಫಾಕ ಬಾಳಿಡೀ ಬೇರೆಯವರ ಬಸ್ಸು ಓಡಿಸಿದವರು. ಊರಿನವರನ್ನು ಪ್ರವಾಸಕ್ಕೆ ಕರೆದುಕೊಂಡು ಹೋದರು, ದೂರದವರನ್ನು ಸುಬ್ರಹ್ಮಣ್ಯಕ್ಕೆ ತಂದು ಬಿಟ್ಟರು. ಯಾತ್ರಿಕರು ಲಾಡ್ಜಿನಲ್ಲಿ ಕಾಲು ಚಾಚಿ ಮಲಗಿದರೆ ಇವರು ಬಸ್ಸಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದರು. ಹೆಂಡತಿ ನೆಬೀಸ ಮಾತ್ರ ಸುಳ್ಯ, ಪುತ್ತೂರು ಬಿಟ್ಟು ಆಚೆ ಹೆಚ್ಚೇನೂ ಕಂಡವರಲ್ಲ. “ಊರಿಗೆಲ್ಲ ಊರು ತೋರಿಸಿದ್ದೀರಿ, ನನಗೆ ಬಸ್ಸಿನ ಬೆನ್ನು ಮಾತ್ರ ತೋರಿಸಿದ್ದು” ಎಂದು ಅವರು ಆಗಾಗ ಚುಚ್ಚುವುದಿತ್ತು.

ಆ ಮಾತು ಯೂಸುಫಾಕನ ಮನಸ್ಸಿಗೆ ನಾಟಿತ್ತು. ಕೆಲಸ ಬಿಟ್ಟ ಮೇಲೆ ಅವರು ಒಂದು ಹಳೆಯ ಮಿನಿ ಬಸ್ಸು ತಂದರು. ಸೀಟು ಕಿತ್ತು ಮಂಚ ಕೂರಿಸಿದರು. ಗ್ಯಾಸಿನ ಒಲೆ, ಪಾತ್ರೆಗೆ ಕಪಾಟು, ತಲೆಯ ಮೇಲೊಂದು ಫ್ಯಾನು ಎಲ್ಲ ಬಂತು. ಪೇಟೆಯವರು ಕ್ಯಾರವಾನ್ ಎನ್ನುತ್ತಾರಲ್ಲ, ಅದೇ. ಕಾಗದಪತ್ರವನ್ನೂ ಸರಿ ಮಾಡಿಸಿದರು. ಕರೆಂಟಿಗೆಂದು ಒಂದು ಪೆಟ್ರೋಲ್ ಜನರೇಟರ್ ಕೊಂಡರು. ಅದನ್ನು ಮಾತ್ರ ಹೇಗೆ ಇಡಬೇಕು, ಎಲ್ಲಿ ಇಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ, ಅವರೂ ಕೇಳಲಿಲ್ಲ. ಬಸ್ಸು ಬಿಚ್ಚಿ ಕಟ್ಟಬಲ್ಲವರು ಜನರೇಟರಿನ ವಿಷಯ ಕೇಳುವುದುಂಟೇ?

ಮೊದಲ ಪ್ರಯಾಣ ದೂರಕ್ಕೇನಲ್ಲ. ಕೊಲ್ಲಮೊಗ್ರುವಿನಲ್ಲಿ ಹಳೆಯ ಗೆಳೆಯ ತೀರ್ಥರಾಮ ಗೌಡರ ಮನೆಯ ತನಕ. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ರಮ್ಲತ್ ಕೂಡ ಹೊರಟಳು. ಗಂಡ ಮುನವ್ವರ್ ಗಲ್ಫಿನಲ್ಲಿ. ಅವನಿಗೆ ವಿಡಿಯೋ ಕಾಲಿನಲ್ಲಿ ಮಂಚ, ಒಲೆ, ಫ್ಯಾನು ಎಲ್ಲ ತೋರಿಸುತ್ತ, ಕಡ್ಲೆ ತಿನ್ನುತ್ತ, ತಾಯಿ ಮಗಳು ಖುಷಿಯಲ್ಲಿ ಕೊಲ್ಲಮೊಗ್ರು ಮುಟ್ಟಿದರು.

ಗಾಡಿ ಅಂಗಳದ ಬದಿಯಲ್ಲಿ ನಿಂತಿತು. ಮಳೆ ಜೋರಾಗಿತ್ತು, ಊರಿನಲ್ಲಿ ಕರೆಂಟ್ ಇರಲಿಲ್ಲ.

“ಮನೆ ಒಳಗೆ ಬನ್ನಿ ಮಾರಾಯ್ರೆ. ಮಳೆಗೆ ಅದರಲ್ಲಿ ಎಂತ ಕೂತ್ಕೊಳ್ಳುದು?” ಎಂದರು ತೀರ್ಥರಾಮ.

“ಮನೆಯನ್ನೇ ತಂದವನಿಗೆ ಮನೆ ಯಾಕೆ ಗೌಡ್ರೆ? ನಿಮ್ಮಲ್ಲಿ ಕರೆಂಟ್ ಇಲ್ಲ. ನಮ್ಮಲ್ಲಿ ಉಂಟು ನೋಡಿ” ಎಂದು ಯೂಸುಫಾಕ ಮೀಸೆಯಡಿಯಲ್ಲೇ ನಕ್ಕರು.

ಜನರೇಟರನ್ನು ಇಳಿಸಿ ಗಾಡಿಯ ಬಾಗಿಲಿನ ಬುಡದಲ್ಲೇ ಇಟ್ಟರು. ಮಳೆಗಾಲ ಬಂತೆಂದರೆ ಜಗಲಿಗೆ ತಟ್ಟಿ ಕಟ್ಟುವುದು ನಮ್ಮ ಕಡೆಯ ಕ್ರಮ. ಹಿಂದೆ ತೆಂಗಿನ ಮಡಲು ಹೆಣೆದ ತಟ್ಟಿ, ಈಗ ಟರ್ಪಾಲು. ಎರಚಲು ಹೊಡೆಯುವಲ್ಲಿ ಕೈ ತನ್ನಿಂದ ತಾನೇ ಹಗ್ಗ ಹುಡುಕುತ್ತದೆ. ಯೂಸುಫಾಕನೂ ಗಾಡಿಯ ಮಾಡಿನಿಂದ ನೆಲದ ತನಕ ನೀಲಿ ಟರ್ಪಾಲು ಇಳಿಬಿಟ್ಟು, ಸುತ್ತ ಬಿಗಿದು, ಬುಡಕ್ಕೆ ಕಲ್ಲು ಹೇರಿ, ಜನರೇಟರಿಗೆ ಒಂದು ಚಂದದ ಕೋಣೆ ಮಾಡಿಕೊಟ್ಟರು. ತಾಯಿ ಮಗಳು ಮೈ ಚಾಚಿದರು. ಫ್ಯಾನು ತಿರುಗಿತು. ಯೂಸುಫಾಕ ಗೌಡರ ಜಗಲಿಗೆ ಹೋಗಿ ಹಳೆಯ ಕಥೆಗೆ ಕುಳಿತರು.

ಸ್ವಲ್ಪ ಹೊತ್ತಿನಲ್ಲಿ ನೆಬೀಸ ಟರ್ಪಾಲಿನ ಒಂದು ಮೂಲೆ ಸರಿಸಿ, ಕೊಡೆ ಹಿಡಿದು ಜಗಲಿಗೆ ಬಂದರು. ಮುಖ ಬಾಡಿತ್ತು.

“ತಲೆ ಒಡೆದು ಹೋಗುವ ಹಾಗೆ ಆಗ್ತಾ ಉಂಟು. ಹೊಟ್ಟೆ ತೊಳಸ್ತದೆ. ರಮ್ಲತ್‌ಗೂ ಹಾಗೇ ಅಂತೆ, ಮಲಗಿದ್ದಾಳೆ.”

“ಪಿತ್ತ. ಗಾಡಿ ಹಿಡಿಯಲಿಲ್ಲ ಅಷ್ಟೆ” ಎಂದರು ಯೂಸುಫಾಕ. “ಗುತ್ತಿಗಾರಿನ ಆಚೆ ತಿರುವು ಜಾಸ್ತಿ ಅಲ್ವಾ? ಲಿಂಬೆಹುಳಿ ಮೂಸು, ಸರಿಯಾಗ್ತದೆ.”

ಬಸ್ಸಿನ ವಾಂತಿಯ ವಿಷಯದಲ್ಲಿ ಯೂಸುಫಾಕನ ಮಾತಿಗೆ ಎದುರು ಮಾತಿಲ್ಲ. ಘಾಟಿ ಹತ್ತುವಾಗ ಕನ್ನಡಿಯಲ್ಲಿ ಮುಖ ನೋಡಿಯೇ ಯಾರಿಗೆ ಪ್ಲಾಸ್ಟಿಕ್ ತೊಟ್ಟೆ ಕೊಡಬೇಕೆಂದು ಹೇಳುತ್ತಿದ್ದವರು ಅವರು. ಅದೇ ಅನುಭವ ಅವತ್ತು ಅವರ ಕಣ್ಣಿಗೆ ಬಟ್ಟೆ ಕಟ್ಟಿತು.

ತೀರ್ಥರಾಮರ ಸೊಸೆ ಶರ್ಮಿಳಾ ಲಿಂಬೆ ಶರಬತ್ತು ತಂದಳು. ಅವಳು ಆರೋಗ್ಯ ಕೇಂದ್ರದಲ್ಲಿ ನರ್ಸ್, ಅವತ್ತು ರಜೆಯಲ್ಲಿ ಮನೆಯಲ್ಲಿದ್ದಳು. ನೆಬೀಸ ಶರಬತ್ತು ಕುಡಿದು, ಜಗಲಿಯ ಗಾಳಿಗೆ ಕುಳಿತು ಮಾತಿಗೆ ಸೇರಿದರು. ಮುಖ ಮೆಲ್ಲನೆ ತಿಳಿಯಾಯಿತು. ಶರ್ಮಿಳಾ ಅದನ್ನೇ ನೋಡುತ್ತಿದ್ದಳು.

“ನೆಬೀಸಕ್ಕ, ದಾರಿಯಲ್ಲಿ ಬರುವಾಗ ತಲೆ ತಿರುಗಿತ್ತಾ?”

“ಇಲ್ಲ ಮಗಾ. ದಾರಿಯಲ್ಲಿ ಕಡ್ಲೆ ತಿಂದ್ಕೊಂಡು ಆರಾಮಲ್ಲಿ ಬಂದದ್ದು. ಇಲ್ಲಿ ನಿಲ್ಲಿಸಿ ಮಲಗಿದ ಮೇಲೆ ಶುರುವಾದ್ದು.”

“ಈಗ ಹೇಗುಂಟು?”

“ಈಗ ಅಡ್ಡಿಯಿಲ್ಲ. ಹೊರಗೆ ಬಂದದ್ದೇ ಒಳ್ಳೇದಾಯ್ತು.”

ಶರ್ಮಿಳಾ ಯೂಸುಫಾಕನ ಕಡೆ ತಿರುಗಿದಳು. “ಓಡುವ ಗಾಡಿ ಹಿಡಿಯದೆ ಇರುದು ಉಂಟು. ನಿಂತ ಗಾಡಿ ಹಿಡಿಯದೆ ಇರುದು ಎಲ್ಲಿಯಾದ್ರೂ ಉಂಟಾ ಯೂಸುಫಾಕ?”

“ಕೆಲವರಿಗೆ ಇಳಿದ ಮೇಲೆ ಬರುದು ಮಗಾ. ನಾನೆಷ್ಟು ಜನರನ್ನು ಕಂಡವನು.”

“ಇಬ್ಬರಿಗೂ ಒಟ್ಟಿಗೇ ಬರ್ತದಾ? ಜನರೇಟರ್ ಎಲ್ಲಿಟ್ಟಿದ್ದೀರಿ?”

“ಬಾಗಿಲಿನ ಬುಡದಲ್ಲೇ. ಸುತ್ತ ತಟ್ಟಿ ಕಟ್ಟಿದ್ದೇನೆ. ಒಂದು ಹನಿ ನೀರು ಒಳಗೆ ಹೋಗುದಿಲ್ಲ.”

“ನೀರು ಒಳಗೆ ಹೋಗುದಿಲ್ಲ. ಹೊಗೆ ಹೊರಗೆ ಹೋಗುದು ಹೇಗೆ?”

“ಹೊಗೆ ಎಲ್ಲಿ ಉಂಟು? ಹೊಸ ಜನರೇಟರ್ ಅದು. ಒಂದು ಕಿಟಕಿ ಸಹ ತೆರೆದಿಟ್ಟಿದ್ದೇನೆ.”

“ರಮ್ಲತ್ ಒಬ್ಬಳೇ ಒಳಗಾ? ಒಮ್ಮೆ ಕರೆಯಿರಿ.”

“ರಮ್ಲಾ” ಎಂದು ಯೂಸುಫಾಕ ಜಗಲಿಯಿಂದಲೇ ಕರೆದರು. ಅಪ್ಪ ಕರೆದರೆ “ಓ” ಎನ್ನುವುದು ಆ ಹುಡುಗಿಗೆ ಚಿಕ್ಕಂದಿನ ರೂಢಿ, ನಿದ್ದೆಗಣ್ಣಿನಲ್ಲಾದರೂ ಅಂದೇ ಅನ್ನುತ್ತಿದ್ದಳು. ಈಗ ಓ ಬರಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕರೆದರು. ಮಳೆಯ ಸದ್ದು, ಜನರೇಟರಿನ ಸದ್ದು, ಅಷ್ಟೇ.

ಯೂಸುಫಾಕ ಚಪ್ಪಲಿಯನ್ನೂ ಹಾಕದೆ ಓಡಿದರು. “ಮಾವ, ಹಗ್ಗ ಕಡಿಯಿರಿ, ತಟ್ಟಿ ಬೀಳಿಸಿ” ಎಂದು ಕೂಗುತ್ತ ಶರ್ಮಿಳಾ ಹಿಂದೆಯೇ ಹೋದಳು. ತೀರ್ಥರಾಮ ಕತ್ತಿಯಲ್ಲಿ ಹಗ್ಗ ಕಡಿದರು, ಟರ್ಪಾಲು ಕೆಳಗೆ ಬಿತ್ತು. ಯೂಸುಫಾಕ ಜನರೇಟರ್ ನಿಲ್ಲಿಸಿದರು, ಶರ್ಮಿಳಾ ಬಾಗಿಲು ಪೂರ್ತಿ ತೆರೆದಳು. ರಮ್ಲತ್ ಮಂಚದ ಮೇಲೆ ಕಣ್ಣು ಅರ್ಧ ಮುಚ್ಚಿ ಮಲಗಿದ್ದಳು. ಏಳಲು ನೋಡಿದರೂ ಕಾಲಿಗೆ ಬಲವಿರಲಿಲ್ಲ, ಮಾತು ತೊದಲುತ್ತಿತ್ತು. ಅಪ್ಪ ಅವಳನ್ನು ಎತ್ತಿಕೊಂಡು ಮಳೆಯಲ್ಲೇ ಜಗಲಿಗೆ ತಂದರು. ಮದುವೆಯಾದ ಮಗಳು, ತುಂಬಿದ ಬಸುರಿ, ಅವರಿಗೆ ಭಾರವೇ ತಿಳಿಯಲಿಲ್ಲವಂತೆ.

ಗೌಡರ ಕಾರಿನಲ್ಲಿ ತಾಯಿ ಮಗಳಿಬ್ಬರನ್ನೂ ಸುಳ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಬಂದ ಕೂಡಲೇ ಶರ್ಮಿಳಾ ಮೊದಲು ಹೇಳಿದ ಮಾತು, “ಜನರೇಟರಿನ ಹೊಗೆ ಕುಡಿದಿದ್ದಾರೆ, ಬಸುರಿ.” ಬೆರಳಿಗೆ ಸಿಕ್ಕಿಸುವ ಯಂತ್ರ ಆಮ್ಲಜನಕ ಸರಿಯಿದೆ ಎಂದೇ ತೋರಿಸುತ್ತಿತ್ತು. ಈ ಹೊಗೆಯ ವಿಷಕ್ಕೆ ಆ ಯಂತ್ರ ಮೋಸಹೋಗುತ್ತದೆ. ಹೊಗೆಯ ಮಾತು ಹೇಳದಿದ್ದರೆ ಎಲ್ಲರೂ ಪಿತ್ತವೆಂದೇ ತಿಳಿಯುವುದಿತ್ತು. ಡಾಕ್ಟರು ತಡಮಾಡದೆ ತಾಯಿಗೂ ಮಗಳಿಗೂ ಆಮ್ಲಜನಕ ಕೊಟ್ಟರು, ರಕ್ತ ಪರೀಕ್ಷೆಗೆ ಕಳಿಸಿದರು.

ಹೊರಗಿನ ಬೆಂಚಿನಲ್ಲಿ ಯೂಸುಫಾಕ ಒದ್ದೆ ಬಟ್ಟೆಯಲ್ಲೇ ಕುಳಿತಿದ್ದರು.

“ತಟ್ಟಿ ಕಟ್ಟಿದ್ದು ನಾನೇ ಅಲ್ವಾ ಮಗಾ.”

“ನೀರು ಬಿದ್ದರೆ ಶಾಕ್ ಹೊಡೀತದೆ ಅಂತ ಕಟ್ಟಿದ್ರಿ. ಆ ಯೋಚನೆ ಸರಿಯೇ” ಎಂದಳು ಶರ್ಮಿಳಾ. ಅವಳಿಗೆ ಗದರಿಸಲು ಮನಸ್ಸು ಬರಲಿಲ್ಲ. “ಆದರೆ ಜನರೇಟರ್ ಉಗುಳುವ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಂತ ಒಂದು ವಿಷ ಉಂಟು. ಕಣ್ಣಿಗೆ ಕಾಣುದಿಲ್ಲ, ಮೂಗಿಗೆ ಗೊತ್ತಾಗುದಿಲ್ಲ. ಜನರೇಟರ್ ಹೊಸತಾದ್ರೂ ಬರ್ತದೆ. ಮೊದಲು ತಲೆನೋವು, ವಾಂತಿ, ಮತ್ತೆ ನಿದ್ದೆ. ಆ ನಿದ್ದೆಯಿಂದ ಎಷ್ಟೋ ಜನ ಏಳುದಿಲ್ಲ.”

“ಕಿಟಕಿ ತೆರೆದಿತ್ತಲ್ಲ?”

“ಕಿಟಕಿ ಸಾಕಾಗುದಿಲ್ಲ. ಕೆಲವು ಸಲ ಅದರಿಂದಲೇ ಒಳಗೆ ಬರುದು.”

“ಹಾಗಾದ್ರೆ ಮಳೆಗಾಲದಲ್ಲಿ ಜನರೇಟರ್ ಇಡುದೇ ಬೇಡವಾ?”

“ಇಡಬಹುದು. ಕಡಿಮೆ ಅಂದ್ರೂ ಇಪ್ಪತ್ತು ಅಡಿ ದೂರ ಇಡಬೇಕು, ಇನ್ನೂ ದೂರ ಆದ್ರೆ ಒಳ್ಳೇದು. ಅದರ ಹೊಗೆ ಉಗುಳುವ ಬಾಯಿ ಗಾಡಿ, ಮನೆಯ ಕಡೆ ಇರಬಾರದು, ಆಚೆ ತಿರುಗಿರಬೇಕು. ಮೇಲೆ ಮಾಡು ಇರಲಿ, ಸುತ್ತ ತಟ್ಟಿ ಬೇಡ.”

ಆಗ ಆಸ್ಪತ್ರೆಯ ನರ್ಸ್ ಹೊರಗೆ ಬಂದು, ಮಗುವಿನ ಎದೆಬಡಿತ ಸರಿಯಿದೆ, ಆದರೆ ಬಸುರಿಯರಿಗೆ ಹೆಚ್ಚು ಹೊತ್ತು ಆಮ್ಲಜನಕ ಬೇಕು, ಇಲ್ಲೇ ಇರಲಿ ಎಂದು ಹೇಳಿ ಹೋದರು. ಯೂಸುಫಾಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ರಮ್ಲತ್ ಹುಷಾರಾಗಿ ಮನೆಗೆ ಬಂದಳು. ಯೂಸುಫಾಕ ಗಾಡಿ ಮಾರುತ್ತೇನೆಂದು ಹೊರಟಿದ್ದರು. ತಡೆದವರು ನೆಬೀಸ. “ತಪ್ಪು ಗಾಡಿಯದ್ದಲ್ಲ. ಸರಿಯಾಗಿ ಇಡ್ಲಿಕ್ಕೆ ಕಲಿಯಿರಿ, ನನಗೆ ಇನ್ನೂ ಊರು ನೋಡ್ಲಿಕ್ಕುಂಟು” ಎಂದರು. ತೀರ್ಥರಾಮ ನಾಲ್ಕು ಕಾಲಿನ ಮೇಲೆ ಒಂದು ತಗಡಿನ ಮಾಡು ಮಾಡಿಸಿಕೊಟ್ಟರು, ಮಡಚಿ ಗಾಡಿಯ ಮೇಲೆ ಕಟ್ಟಬಹುದಾದಂಥದು. ದೂರದಿಂದ ಕರೆಂಟ್ ಎಳೆಯಲು ಹೊರಗಿನ ಬಳಕೆಗೇ ಆಗುವ ದಪ್ಪ ವಯರು ಬಂತು. ಮುನವ್ವರ್ ರಜೆಯಲ್ಲಿ ಬರುವಾಗ ಈ ವಿಷಗಾಳಿ ಇದ್ದರೆ ಕಿರುಚುವ ಬ್ಯಾಟರಿಯ ಅಲಾರಾಂ ತಂದ. ಅದು ಮಂಚದ ಬದಿಯಲ್ಲೇ ಇದೆ.

ಈಗ ರಮ್ಲತ್‌ಗೆ ಹೆಣ್ಣು ಮಗು. ಮೊನ್ನೆ ಅವರೆಲ್ಲ ಪುನಃ ಕೊಲ್ಲಮೊಗ್ರುವಿಗೆ ಹೋಗಿದ್ದರು. ಯೂಸುಫಾಕ ಜನರೇಟರನ್ನು ಅಂಗಳದ ಆಚೆ ತುದಿಗೆ ಹೊತ್ತುಕೊಂಡು ಹೋಗುವಾಗ ತೀರ್ಥರಾಮರಿಗೆ ನಗೆ.

“ಅಷ್ಟು ದೂರ ಯಾಕೆ ಮಾರಾಯ್ರೆ? ಅದರೊಟ್ಟಿಗೆ ಜಗಳವಾ?”

“ಹೌದು ಗೌಡ್ರೆ. ಇನ್ನು ಹತ್ತಿರ ಸೇರಿಸುದಿಲ್ಲ.”

ಮಲಗುವ ಮೊದಲೇ ಜನರೇಟರ್ ನಿಲ್ಲಿಸುತ್ತಾರೆ. ಫ್ಯಾನಿಲ್ಲದೆ ಸೆಕೆಯಾದರೆ ಬೀಸಣಿಗೆ. ಪೆಟ್ರೋಲು ಹಾಕುವುದು ಅದು ನಿಂತು ತಣಿದ ಮೇಲೆಯೇ. ಇಷ್ಟೆಲ್ಲ ಮಾಡಿದರೂ ಯೂಸುಫಾಕ ಜಗಲಿಯಲ್ಲಿ ಕುಳಿತವರು ನಡುನಡುವೆ ಗಾಡಿಯ ಕಡೆ ತಿರುಗಿ ಕರೆಯುತ್ತಾರೆ.

“ರಮ್ಲಾ.”

“ಓ. ಎಂತ ಬಾಪ?”

“ಎಂತ ಇಲ್ಲ.”

ಸ್ವಲ್ಪ ಹೊತ್ತು ಕಳೆದು ಪುನಃ ಕರೆಯುತ್ತಾರೆ. ಮಗು ಏಳುತ್ತದೆಂದು ಅವಳು ಬೈಯುತ್ತಾಳೆ. ಆ ಬೈಗುಳ ಕೇಳಿ ಅವರು ನೆಮ್ಮದಿಯಿಂದ ಚಹಾ ಕುಡಿಯುತ್ತಾರೆ.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮಲ್ಲಿ ಇಂಥ ಗಾಡಿ ಇರಲಿಕ್ಕಿಲ್ಲ. ಆದರೆ ಮದುವೆ ಮನೆಗೆ, ಅಂಗಡಿಗೆ, ಕರೆಂಟ್ ಹೋದ ಮಳೆಗಾಲಕ್ಕೆ ಜನರೇಟರ್ ಬಂದೇ ಬರುತ್ತದೆ. ಅದನ್ನು ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ, ಗಾಡಿಯ ಬುಡದಲ್ಲಿ ಇಡಬೇಡಿ. ಸುತ್ತ ಮುಚ್ಚಬೇಡಿ. ನಿಂತ ಗಾಡಿಯ ಇಂಜಿನ್ ಚಾಲೂ ಇಟ್ಟು ಒಳಗೆ ಮಲಗಬೇಡಿ. ಒಟ್ಟಿಗೆ ಇದ್ದವರಿಗೆಲ್ಲ ತಲೆನೋವು, ವಾಂತಿ ಬಂದರೆ ಪಿತ್ತವೆಂದು ಲಿಂಬೆ ಹುಡುಕಬೇಡಿ. ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿ, ಕೂಡಲೇ ಆಸ್ಪತ್ರೆಗೆ ಹೋಗಿ, ಜನರೇಟರ್ ಓಡುತ್ತಿತ್ತು ಎಂದು ಮೊದಲ ಮಾತಾಗಿ ಹೇಳಿ. ಇವತ್ತೇ ನಿಮ್ಮ ಜನರೇಟರ್ ಎಲ್ಲಿದೆ ಎಂದು ಹೋಗಿ ನೋಡಿ, ಹತ್ತಿರವಿದ್ದರೆ ದೂರ ಸರಿಸಿ. ನೀವು ಕರೆದಾಗ ನಿಮ್ಮವರು ಓ ಎನ್ನಲಿ.