ಒಬ್ಬರ ಹೆಸರಿಗೆ ಮಾತ್ರ

ತಂಗಿ ಕಾರಿನ ಗಾಜು ಒರೆಸುತ್ತಿದ್ದಳು. ಮೆಟ್ಟಿಲ ಮೇಲೆ ಕೂತಿದ್ದ ಅಣ್ಣ, ಕಾರು ದಾರಿಯಲ್ಲಿ ಕೆಟ್ಟರೆ ನೆರವಿಗೆ ಬರುವ ಕಂಪನಿಯ ಸದಸ್ಯತ್ವವನ್ನು ಇನ್ನೊಂದು ವರ್ಷಕ್ಕೆ ನವೀಕರಿಸುವ ಅರ್ಜಿಯನ್ನು ಮೊಬೈಲಿನಲ್ಲಿ ತುಂಬುತ್ತಿದ್ದ. ಅದರಲ್ಲಿ ಎರಡು ಬಗೆ. ಒಂದು ಕಾರಿಗೆ, ಯಾರು ಓಡಿಸಿದರೂ ನಡೆಯುತ್ತದೆ. ಇನ್ನೊಂದು ಒಬ್ಬರ ಹೆಸರಿಗೆ ಮಾತ್ರ. ಅವನು ಎರಡನೆಯದನ್ನು ಆರಿಸಿ ತನ್ನ ಹೆಸರು ಹಾಕಿದ.

"ದಿನ ಬಿಟ್ಟು ದಿನ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ನಾನು," ಎಂದಳು ತಂಗಿ. "ಹೋದ ತಿಂಗಳು ಸೇತುವೆ ಮೇಲೆ ಕಾರು ನಿಂತಾಗ, ನಿಮ್ಮ ಹೆಸರಿಲ್ಲ ಅಂತ ಫೋನ್ ಇಟ್ಬಿಟ್ರು. ಅಮ್ಮ ಮೂರು ಗಂಟೆ ಬಿಸಿಲಲ್ಲಿ ಬೆಂದ್ರು."

"ಇವಳು ಗೇರು ಕಿತ್ತಿಡೋದು, ಅವರು ಬಂದು ಹೊತ್ಕೊಂಡು ಹೋಗೋದು. ಚೆನ್ನಾಗಿದೆ," ಎಂದು ಅತ್ತಿಗೆ ಒಳಗಿನಿಂದಲೇ ಚುಚ್ಚಿದಳು.

"ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನನಗೆ ಅರ್ಜಿ ತುಂಬೋದು ಹೇಳ್ಕೊಡ್ತೀಯಾ?" ಎಂದ ಅಣ್ಣ. "ಕಾರು ನಂದು, ಹೆಸರೂ ನಂದೇ ಇರುತ್ತೆ."

"ನೀನು ಅದನ್ನ ಓಡಿಸೋದು ಭಾನುವಾರ, ಅದೂ ಬೀದಿ ತುದಿಯ ಕ್ಷೌರದಂಗಡಿ ತನಕ."

ಅಣ್ಣನ ಮುಖ ಕೆಂಪಾಯಿತು. ಅವಳು ನೋಡುತ್ತಿದ್ದಂತೆಯೇ ಅರ್ಜಿ ಕಳಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ತಂಗಿ ಕಾರಿನ ಕೀಲಿಯನ್ನು ಮೆಟ್ಟಿಲ ಮೇಲಿಟ್ಟಳು.

"ನಾಳೆ ಅಮ್ಮನ್ನ ನೀನೇ ಕರ್ಕೊಂಡು ಹೋಗಣ್ಣ," ಎಂದು ಮುಚ್ಚಿದ ಬಾಗಿಲಿಗೆ ಹೇಳಿದಳು.