ಮೂಗನ್ನೇ ನಂಬಿದ ಬೀದಿ

ನಮ್ಮ ಬೀದಿಯ ಹೆಂಗಸರಿಗೆ ಒಂದು ಅಭ್ಯಾಸವಿತ್ತು. ಬೆಳಗ್ಗೆ ಶಾಲೆಯ ವ್ಯಾನು ಬಂದು ನಿಂತರೆ, ಮಕ್ಕಳನ್ನು ಹತ್ತಿಸುವ ನೆಪದಲ್ಲಿ ಡ್ರೈವರ್ ಕಿಟಕಿಯ ಹತ್ತಿರ ಹೋಗಿ ಒಂದು ಸಲ ಮೂಸಿ ನೋಡುವುದು. ಘಾಟು ಬಂದರೆ ಕುಡುಕ, ಬರದಿದ್ದರೆ ದೇವರಂಥ ಮನುಷ್ಯ. ಅಷ್ಟೇ ನಮ್ಮ ತನಿಖೆ. ನಗಬೇಡಿ, ನೀವೂ ಮಾಡಿರುತ್ತೀರಿ.

ಈ ಕೆಲಸಕ್ಕೆ ಎದುರುಮನೆ ಅಜ್ಜಿಯೇ ಮುಂದಾಳು. ಅವರಿಗೆ ಅದಕ್ಕೆ ಕಾರಣವೂ ಇತ್ತು, ಪಾಪ. ಅವರ ಒಬ್ಬನೇ ಮಗ ಬೆಟ್ಟದ ತಿರುವಿನಲ್ಲಿ ಸೈಕಲ್ ತಳ್ಳಿಕೊಂಡು ಬರುವಾಗ, ಕುಡಿದು ಓಡಿಸುತ್ತಿದ್ದವನ ಲಾರಿಗೆ ಸಿಕ್ಕಿ ತೀರಿಕೊಂಡ. ಆಗ ಮೊಮ್ಮಗಳು ಗುಬ್ಬಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದು ಮನೆ ನಡೆಸಿದಳು. ಗುಬ್ಬಿಯನ್ನು ಒಂದು ದಿನವೂ ಯಾವ ಗಾಡಿಗೂ ಹತ್ತಿಸಿದವಳಲ್ಲ. ಬೀದಿಯ ಕೊನೆಯ ಚಿಕ್ಕ ಶಾಲೆಗೆ ಕೈ ಹಿಡಿದು ನಡೆಸಿಕೊಂಡೇ ಹೋಗುತ್ತಿದ್ದಳು.

ಈಗ ಆ ಶಾಲೆಯ ಓದು ಮುಗಿದಿತ್ತು. ದೊಡ್ಡ ಶಾಲೆ ಇರುವುದು ಬೆಟ್ಟದ ಆಚೆ. ವ್ಯಾನು ಹತ್ತಲೇಬೇಕು, ಅದೇ ತಿರುವು ದಾಟಲೇಬೇಕು.

ಮೊದಲು ಆ ವ್ಯಾನು ಓಡಿಸುತ್ತಿದ್ದವರು ಪಾಲಿಶ್ ಮಾಮ. ಶಾಲೆಗೆ ಮಕ್ಕಳನ್ನು ಬಿಟ್ಟು ಬಂದು, ಉಳಿದ ಹೊತ್ತಿನಲ್ಲಿ ತಮ್ಮ ಶೆಡ್ಡಿನಲ್ಲಿ ಹಳೇ ಕುರ್ಚಿ, ಮೇಜುಗಳಿಗೆ ಪಾಲಿಶ್ ಹೊಡೆಯುತ್ತಿದ್ದರು. ಹೋದ ವರ್ಷ ಒಂದು ಬೆಳಗ್ಗೆ ಅಜ್ಜಿಯ ಮೂಗಿಗೆ ಏನೋ ಘಾಟು ಬಡಿಯಿತು. ಪೊಲೀಸರಿಗೆ ಫೋನು ಹೋಯಿತು. ಮಕ್ಕಳ ಎದುರೇ ಪಾಲಿಶ್ ಮಾಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಆಮೇಲೆ ಏನಾಯಿತು ಅಂತ ನಾವು ಯಾರೂ ಕೇಳಲಿಲ್ಲ. ಅವರು ಎದುರಾದರೆ ಮುಖ ತಿರುಗಿಸುತ್ತಿದ್ದೆವು, ಅಷ್ಟೇ.

ಅವರ ಜಾಗಕ್ಕೆ ಬಂದವರು ಪೆಪ್ಪರ್‌ಮಿಂಟ್ ಮಾಮ. ನಗುಮುಖ, ಇಸ್ತ್ರಿ ಹಾಕಿದ ಅಂಗಿ, ಮಕ್ಕಳಿಗೆಲ್ಲ ಪೆಪ್ಪರ್‌ಮಿಂಟ್. ಬೀದಿಗೆ ಬೀದಿಯೇ ಮರುಳಾಯಿತು.

ಶಾಲೆ ಶುರುವಾಗುವ ವಾರ. ನಾನು ಗುಬ್ಬಿಯ ಯೂನಿಫಾರ್ಮ್ ಹೊಲಿಯುತ್ತಿದ್ದೆ. ಅಜ್ಜಿ, ಸೊಸೆ ಇಬ್ಬರೂ ನನ್ನ ಅಂಗಡಿಯಲ್ಲೇ ಕೂತಿದ್ದರು. ಕೋರ್ಟಿನಲ್ಲಿ ನಕಲು ಕೊಡುವ ವಿಭಾಗದಲ್ಲಿರುವ ಅಕ್ಕ ಕೋಟಿನ ತೋಳು ಬಿಗಿ ಅಂತ ಸರಿಮಾಡಿಸಲು ಬಂದಿದ್ದಳು.

"ಅತ್ತೆ, ನಂಗ್ಯಾಕೋ ಧೈರ್ಯ ಬರ್ತಿಲ್ಲ" ಅಂದಳು ಸೊಸೆ.

"ಅಯ್ಯೋ ಹುಚ್ಚಿ! ಪೆಪ್ಪರ್‌ಮಿಂಟ್ ಮಾಮ ಬಂಗಾರದಂಥೋನು. ದಿನಾ ನಾನೇ ಮೂಸಿ ನೋಡಿದ್ದೀನಿ. ಬಾಯ್ತುಂಬ ಪುದೀನ ಘಮ!"

ಕೋರ್ಟಿನ ಅಕ್ಕ ಒಂದು ತೋಳು ಹಾಕಿಕೊಂಡು, ಇನ್ನೊಂದು ಜೋತಾಡಿಸಿಕೊಂಡೇ ತಿರುಗಿದಳು. "ಅಲ್ಲ ಅಜ್ಜಿ, ಬೆಳ್‌ಬೆಳಗ್ಗೆ ಅಷ್ಟೊಂದು ಪೆಪ್ಪರ್‌ಮಿಂಟ್ ಯಾಕೆ ಬೇಕು ಮನುಷ್ಯನಿಗೆ?"

ಅಜ್ಜಿ ಮೂಗು ಉಜ್ಜಿಕೊಂಡರು. ಅಕ್ಕ ಬಿಡಲಿಲ್ಲ.

"ಕುಡಿದು ಗಾಡಿ ಓಡ್ಸಿ ಸಿಕ್ಕಿಬಿದ್ರೆ ಸ್ಟೇಷನ್ನಲ್ಲಿ ದಾಖಲೆ ಇರುತ್ತೆ, ಆಮೇಲೆ ಕೋರ್ಟಿಗೆ ಬರುತ್ತೆ. ಅರ್ಜಿ ಕೊಟ್ಟು ಕೇಳಿ. ಮೂಗಿಗೇಕೆ ಇಷ್ಟು ಕೆಲಸ?"

"ಕೋರ್ಟಾ? ಮಾನಸ್ಥರು ಹೋಗೋ ಜಾಗಾನೇನೇ ಅದು?"

"ನಾನು ದಿನಾ ಹೋಗ್ತೀನಲ್ಲ ಅಜ್ಜಿ!"

ನಾನು ನಕ್ಕೆ. ಸೊಸೆ ನಗಲಿಲ್ಲ. ಮೆಲ್ಲಗೆ ಹೇಳಿದಳು: "ನಮ್ಮೆಜಮಾನರಿಗೆ ಗುದ್ದಿದೋನು ಅದಕ್ಕೂ ಮುಂಚೆ ಒಂದ್ಸಲ ಸಿಕ್ಕಿಬಿದ್ದಿದ್ನಂತೆ. ಲಾರಿ ಕೊಟ್ಟೋರು ಅದನ್ನ ಕೇಳೇ ಇರ್ಲಿಲ್ಲ. ಕೇಳಿದ್ರೆ ಗುಬ್ಬಿಗೆ ಇವತ್ತು ಅಪ್ಪ ಇರ್ತಿದ್ದ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. "ನಡಿ, ನಾನೂ ಬರ್ತೀನಿ."

ಮಾರನೇ ದಿನ ನಾವು ಮೂವರೂ ಹೊರಟೆವು. ಹೊರಡುವ ಮುಂಚೆ ಶಾಲೆಯ ಆಫೀಸಿಗೆ ಫೋನು ಮಾಡಿ, ವ್ಯಾನಿನ ಹಳೇ ಡ್ರೈವರು, ಹೊಸ ಡ್ರೈವರು ಇಬ್ಬರ ಪೂರ್ತಿ ಹೆಸರು, ತಂದೆಯ ಹೆಸರು, ವಯಸ್ಸು ಬರೆದುಕೊಂಡಿದ್ದೆವು. ಒಂದೇ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ, ಬರೀ ಹೆಸರು ಹಿಡಿದುಕೊಂಡು ಬರಬೇಡಿ ಎಂದು ಅಕ್ಕ ಮೊದಲೇ ಎಚ್ಚರಿಸಿದ್ದಳು.

ಕೋರ್ಟೆಂದರೆ ಹುಲಿಯ ಗವಿ ಅಂದುಕೊಂಡಿದ್ದ ಅಜ್ಜಿಗೆ ಅಲ್ಲಿ ಸಿಕ್ಕಿದ್ದು ಒಂದು ಬೆಂಚು, ಕಿರುಗುಟ್ಟುವ ಫ್ಯಾನು, ಕಿಟಕಿಯ ಹಿಂದೆ ನಮ್ಮ ಅಕ್ಕ. ಅಕ್ಕ ಕಂಪ್ಯೂಟರಿನಲ್ಲಿ ಹುಡುಕಿದಳು, ಹಳೆಯ ಕಡತಗಳನ್ನೂ ತೆಗೆಸಿದಳು. ಪೆಪ್ಪರ್‌ಮಿಂಟ್ ಮಾಮನ ಮೇಲೆ ಏನೂ ಇಲ್ಲ.

"ನಾನು ಹೇಳ್ಲಿಲ್ವಾ!" ಅಜ್ಜಿಯ ಮೂಗು ಮತ್ತೆ ಮೇಲಕ್ಕೇರಿತು.

"ತಾಳಿ ಅಜ್ಜಿ. ಇದು ನಮ್ಮ ಕೋರ್ಟಿಂದು ಮಾತ್ರ. ಎಲ್ಲಿ ಹಿಡೀತಾರೋ ಅಲ್ಲಿನ ಕೋರ್ಟಲ್ಲಿ ಕೇಸು. ಇವ್ರು ಮೊದ್ಲು ಎಲ್ಲಿ ಗಾಡಿ ಓಡಿಸ್ತಿದ್ರು?"

ಬೆಟ್ಟದ ಆಚೆ. ಬಸ್ಸು ಹತ್ತಿ ಅಲ್ಲಿನ ಕೋರ್ಟಿಗೆ ಹೋದೆವು. ಅಲ್ಲಿ ಸಿಕ್ಕಿತು. ಒಂದಲ್ಲ, ಎರಡು ಕೇಸು. ಎರಡರಲ್ಲೂ ತಪ್ಪು ಒಪ್ಪಿಕೊಂಡು ಶಿಕ್ಷೆಯಾಗಿತ್ತು. ಎರಡನೇ ಸಲ ಲೈಸೆನ್ಸನ್ನೇ ತಡೆಹಿಡಿದಿದ್ದರು, ಆ ಅವಧಿ ಇನ್ನೂ ಮುಗಿದಿರಲಿಲ್ಲ. ಶಾಲೆಗೆ ಅವರು ಕೊಟ್ಟಿದ್ದು ಅದಕ್ಕೂ ಮುಂಚಿನ ಲೈಸೆನ್ಸಿನ ಜೆರಾಕ್ಸ್ ಪ್ರತಿ ಅಂತ ಆಮೇಲೆ ಗೊತ್ತಾಯಿತು. ಸೊಸೆ ಆ ಹಾಳೆಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು. ನಾನು ಅವಳ ಕೈ ಹಿಡಿದುಕೊಂಡೆ.

ವಾಪಸು ಬರುವಾಗ ಅವಳೇ ಹೇಳಿದಳು: "ಪಾಲಿಶ್ ಮಾಮಂದೂ ನೋಡೋಣ."

"ಅವಂದೇನು ನೋಡೋದು? ಕಣ್ಣೆದುರೇ ಹಿಡ್ಕೊಂಡು ಹೋಗ್ಲಿಲ್ವಾ?" ಅಂದರು ಅಜ್ಜಿ.

ಆದರೂ ನಮ್ಮ ಕೋರ್ಟಿಗೆ ಮತ್ತೆ ಹೋದೆವು. ಅಕ್ಕ ಹುಡುಕಿ ತೆಗೆದು ನಿಧಾನವಾಗಿ ಓದಿದಳು. ಹಿಡಿದದ್ದು ನಿಜ. ರಕ್ತ ಪರೀಕ್ಷೆ ಮಾಡಿಸಿದ್ದರು. ರಕ್ತದಲ್ಲಿ ಮದ್ಯದ ಅಂಶವೇ ಇರಲಿಲ್ಲ. ಕೇಸು ವಜಾ.

"ಮತ್ತೆ ಆ ಘಾಟು?" ಅಜ್ಜಿಯ ದನಿ ಸಣ್ಣದಾಗಿತ್ತು.

"ಪಾಲಿಶ್‌ಗೆ ಸ್ಪಿರಿಟ್ ಬೆರೆಸ್ತಾರೆ ಅಜ್ಜಿ. ಕೈಗೆ, ಬಟ್ಟೆಗೆ ಹತ್ತಿದ್ರೆ ತೊಳೆದ್ರೂ ಹೋಗಲ್ಲ. ಹಿಡಿದ್ರು ಅಂದ ಮಾತ್ರಕ್ಕೆ ತಪ್ಪು ಮಾಡಿದ್ರು ಅಂತಲ್ಲ. ಕೋರ್ಟು ಕೊನೇಲಿ ಏನು ಹೇಳ್ತು ಅಂತ ಓದ್ಬೇಕು."

ಅಜ್ಜಿ ಬೆಂಚಿನ ಮೇಲೆ ಕುಸಿದು ಕೂತರು.

ಪೆಪ್ಪರ್‌ಮಿಂಟ್ ಮಾಮನ ವಿಷಯ ನಾನಾಗಿದ್ದರೆ ಬೀದಿಯಲ್ಲಿ ಡಂಗುರ ಹೊಡೆಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ! ಸೊಸೆ ಬಿಡಲಿಲ್ಲ. "ಬೇಡಕ್ಕ, ಅವರಿಗೂ ಹೆಂಡ್ತಿ ಮಕ್ಕಳಿದ್ದಾರೆ. ಯಾರಿಗೆ ಹೇಳ್ಬೇಕೋ ಅವರಿಗೆ ಹೇಳೋಣ." ದೃಢೀಕರಿಸಿದ ನಕಲು ತೆಗೆದುಕೊಂಡು ಶಾಲೆಯ ಹೆಡ್ ಮೇಡಮ್ಮಿಗೂ ಸಾರಿಗೆ ಕಚೇರಿಗೂ ಕೊಟ್ಟಳು. ಪೆಪ್ಪರ್‌ಮಿಂಟ್ ಮಾಮನನ್ನು ಅವತ್ತೇ ವ್ಯಾನಿನಿಂದ ಇಳಿಸಿದರು.

ಅವತ್ತು ಸಂಜೆ ಪಾಲಿಶ್ ಮಾಮನ ಶೆಡ್ಡಿಗೆ ಹೋದೆವು. ಅವರು ಒಂದು ತೊಟ್ಟಿಲಿಗೆ ಪಾಲಿಶ್ ಹೊಡೆಯುತ್ತಿದ್ದರು. ಬಾಗಿಲಲ್ಲೇ ಅದೇ ಘಾಟು. ನಮ್ಮನ್ನು ಕಂಡು ಬಟ್ಟೆಯ ಉಂಡೆ ಕೆಳಗಿಟ್ಟು, ಕೈ ಒರೆಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ತಮ್ಮ ವಾಸನೆ ನಮಗೆ ತಾಗದಿರಲಿ ಅಂತ.

"ತಮ್ಮಾ, ಕೋರ್ಟಿಗೆ ಹೋಗಿದ್ವಿ. ನಿಂದೂ ನೋಡಿದ್ವಿ" ಅಂದರು ಅಜ್ಜಿ.

ಮಾಮ ನೆಲ ನೋಡುತ್ತ ನಿಂತರು. "ಯಾರಾದ್ರೂ ಒಬ್ರು ಹೋಗಿ ನೋಡ್ಲಿ ಅಂತ ಒಂದು ವರ್ಷದಿಂದ ಕಾಯ್ತಿದ್ದೆ ಅಮ್ಮ."

"ನೀವೇ ಹೇಳ್ಬಾರ್ದಿತ್ತಾ ಮಾಮ?" ಅಂದೆ.

"ಹೇಳ್ದೆ. ಕುಡುಕ ಇನ್ನೇನು ಹೇಳ್ತಾನೆ ಅಂದ್ರು."

ಅಜ್ಜಿ ಹೋಗಿ, ಆ ಘಾಟಿನ ಕೈಗಳೆರಡನ್ನೂ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು. "ನನ್ನ ಮೊಮ್ಮಗಳನ್ನ ನೀನೇ ಕರ್ಕೊಂಡು ಹೋಗಪ್ಪ. ಆ ತಿರುವಲ್ಲಿ ನಿಧಾನ."

"ಅಲ್ಲಿ ನಾನು ಯಾವತ್ತೂ ನಿಧಾನಾನೇ ಅಮ್ಮ. ನಿಮ್ಮ ಮಗ ನನ್ನ ಜೊತೆ ಓದಿದೋನು."

ಕೋರ್ಟಿನ ಆದೇಶ ನೋಡಿ ಹೆಡ್ ಮೇಡಮ್ಮೂ ಪಾಲಿಶ್ ಮಾಮನನ್ನೇ ಮತ್ತೆ ವ್ಯಾನಿಗೆ ಕರೆದರು. ಶಾಲೆ ಶುರುವಾದ ದಿನ ಗುಬ್ಬಿ ಡ್ರೈವರ್ ಸೀಟಿನ ಹಿಂದೆಯೇ ಕೂತಳು. ಸೊಸೆ ಕಿಟಕಿಯಿಂದ ಅವಳ ಕೆನ್ನೆ ಸವರಿ, ಗಟ್ಟಿ ಮನಸ್ಸು ಮಾಡಿ ಹಿಂದೆ ಸರಿದಳು. ಅಜ್ಜಿ ಅಭ್ಯಾಸ ಬಲದಿಂದ ಮುಂದಿನ ಕಿಟಕಿಗೆ ಮೂಗು ಚಾಚಿ, ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಪಾಲಿಶ್ ಮಾಮ ಜೋರಾಗಿ ನಕ್ಕರು. ಒಂದು ವರ್ಷದ ಮೇಲೆ ನಮ್ಮ ಬೀದಿಯಲ್ಲಿ ಅವರ ನಗು ಕೇಳಿಸಿತು. ಸಂಜೆ ಗುಬ್ಬಿ ಹಾಡು ಹೇಳಿಕೊಂಡು ಮನೆಗೆ ಬಂದಳು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮಗು ಯಾರ ಗಾಡಿ ಹತ್ತುತ್ತದೆ? ಅವರ ಪೂರ್ತಿ ಹೆಸರು, ತಂದೆಯ ಹೆಸರು, ವಯಸ್ಸು ಗೊತ್ತುಮಾಡಿಕೊಳ್ಳಿ. ಲೈಸೆನ್ಸ್ ಈಗಲೂ ಚಾಲ್ತಿಯಲ್ಲಿದೆಯಾ ಕೇಳಿ. ನಿಮ್ಮೂರಿನ ಕೋರ್ಟಿನಲ್ಲಿ ವಿಚಾರಿಸಿ, ಅವರು ಮೊದಲು ಗಾಡಿ ಓಡಿಸುತ್ತಿದ್ದ ಊರಿನ ಕೋರ್ಟಿನಲ್ಲೂ ವಿಚಾರಿಸಿ. ಅರ್ಜಿ ಹೇಗೆ ಕೊಡಬೇಕು ಅಂತ ಅಲ್ಲಿನವರನ್ನೇ ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಸಿಕ್ಕಿದ ದಾಖಲೆಯನ್ನು ಕೊನೆಯವರೆಗೂ ಓದಿ, ಹಿಡಿದ ಸುದ್ದಿಗೇ ನಿಲ್ಲಬೇಡಿ. ನೀವು ಕೇಳುವುದರಿಂದ ಒಂದು ಮಗು ಕ್ಷೇಮವಾಗಿ ಮನೆ ಸೇರಬಹುದು. ತಪ್ಪೇ ಮಾಡದ ಒಬ್ಬ ಮನುಷ್ಯ ಮತ್ತೆ ತಲೆಯೆತ್ತಿ ನಿಮ್ಮ ಬೀದಿಯಲ್ಲಿ ನಡೆಯಬಹುದು. ನಾಳೆಯೇ ಹೋಗಿ ಕೇಳಿ.