ಸಸ್ಯವಾರ್ತೆಯ ಸೈಕ್ಲೋಸ್ಟೈಲ್

ನಾನು ಒಂದು ಸೈಕ್ಲೋಸ್ಟೈಲ್ ಯಂತ್ರ. ಕಾರ್ಖಾನೆಯಲ್ಲಿ ನನಗೆ ಒಂದು ಉರುಳೆ, ಒಂದು ಹಿಡಿಕೆ, ಕಾಗದಕ್ಕೆಂದು ಎರಡು ತಟ್ಟೆ ಜೋಡಿಸಿ, ಮೈಗೆ ಬೂದು ಬಣ್ಣ ಬಳಿದು ಹೊರಗೆ ಕಳಿಸಿದರು. ಟೈಪು ಮಾಡಿದ ಮೇಣದ ಹಾಳೆಯನ್ನು ಉರುಳೆಗೆ ಸುತ್ತಿ, ಮಸಿ ತುಂಬಿ ಹಿಡಿಕೆ ತಿರುಗಿಸಿದರೆ, ಒಂದೇ ಮಾತನ್ನು ಮುನ್ನೂರು ಸಲ ಬೇಸರವಿಲ್ಲದೆ ಹೇಳುತ್ತಿದ್ದೆ.

ನನ್ನ ಮೊದಲ ಮನೆ ಹುಬ್ಬಳ್ಳಿಯ ಒಂದು ಹೈಸ್ಕೂಲು. ಅಲ್ಲಿ ನನ್ನಿಂದ ಪ್ರಶ್ನೆಪತ್ರಿಕೆ ಮಾತ್ರ ತೆಗೆಯುತ್ತಿದ್ದರು. ಕೆಲಸ ಮುಗಿದೊಡನೆ ಕೋಣೆಗೆ ಬೀಗ. ನನ್ನ ಕಾಗದ ಕೈಗೆ ಬಂದರೆ ಮಕ್ಕಳ ಮುಖ ಬಾಡುತ್ತಿತ್ತು. ಆರು ವರ್ಷದ ಮೇಲೆ ಅಲ್ಲಿಗೆ ಹೊಸ ಯಂತ್ರ ಬಂತು. ನನ್ನನ್ನು ಟೆಂಪೋದಲ್ಲಿ ಹೇರಿ ಧಾರವಾಡದ ಒಂದು ಕಾಲೇಜಿಗೆ ಸಾಗಿಸಿದರು.

ಅಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಶ್ರೀಪಾದರಾವ್ ಇನಾಮತಿ ನನ್ನ ಧಣಿಯಾದರು. ದೇಶದ ತುಂಬ ಹರಡಿದ್ದ ಸಸ್ಯವಿಜ್ಞಾನಿಗಳ ಬಳಗವೊಂದಕ್ಕೆ ಅವರು ಕಾರ್ಯದರ್ಶಿ. ಬಳಗದವರಿಗಾಗಿ ತಿಂಗಳಿಗೊಮ್ಮೆ ‘ಸಸ್ಯವಾರ್ತೆ’ ಎಂಬ ಎಂಟು ಪುಟದ ಇಂಗ್ಲಿಷ್ ಸುದ್ದಿಪತ್ರ ತರುತ್ತಿದ್ದರು. ಎಲ್ಲಿ ಸಮ್ಮೇಳನ, ಯಾವ ಹುದ್ದೆ ಖಾಲಿ, ಯಾವ ಫೆಲೋಶಿಪ್ಪಿಗೆ ಕೊನೆಯ ದಿನ ಯಾವಾಗ, ಯಾರ ಹತ್ತಿರ ಯಾವ ಬೀಜ ಮಿಕ್ಕಿದೆ, ಎಲ್ಲ ಅದರಲ್ಲಿರುತ್ತಿತ್ತು. ಈಗ ನನ್ನ ಕಾಗದಕ್ಕಾಗಿ ಜನ ಕಾಯುತ್ತಿದ್ದರು. ಒಂದು ವಾರ ತಡವಾದರೆ ಜೋಧಪುರದಿಂದ ಕಾರ್ಡು ಬರುತ್ತಿತ್ತು. ಯಂತ್ರದ ಜನ್ಮಕ್ಕೆ ಇದಕ್ಕಿಂತ ಇನ್ನೇನು ಬೇಕು?

ನನ್ನ ಹಿಡಿಕೆ ತಿರುಗಿಸುತ್ತಿದ್ದವಳು ಕಸ್ತೂರಿ ಹಡಪದ. ಒಣಗಿಸಿದ ಗಿಡಗಳ ಸಂಗ್ರಹದ ಕೋಣೆಯಲ್ಲಿ ಅವಳು ಅಟೆಂಡರ್; ನನ್ನ ಮೇಜೂ ಅದೇ ಕೋಣೆಯಲ್ಲಿತ್ತು. ಓದಿದ್ದು ಎಸ್ಸೆಸ್ಸೆಲ್ಸಿ. ಗಂಡ ಲೈನ್ ಬಜಾರಿನಲ್ಲಿ ಟೇಲರ್. ಅವನ ಅಂಗಡಿಯ ಹಸಿರು ದಾರ ತಂದು ಅವಳು ಗಿಡಗಳ ದಂಟನ್ನು ದಪ್ಪ ಹಾಳೆಗೆ ಹೊಲಿಯುತ್ತಿದ್ದಳು. ಹೊಲಿಗೆ ಎಷ್ಟು ಸಣ್ಣದೆಂದರೆ ಇನಾಮತಿಯವರೂ ಕನ್ನಡಕ ಏರಿಸಿ ಹುಡುಕಬೇಕು. ಪುಟಗಳಿಗೆ ಪಿನ್ನು ಹೊಡೆಯುತ್ತ ಅವಳು ಇಂಗ್ಲಿಷ್ ಓದಲು ಕಲಿತಳು. ಮೊದಲು ಊರುಗಳ ಹೆಸರು, ಆಮೇಲೆ ತಾರೀಕು, ನಾಲ್ಕೈದು ವರ್ಷದಲ್ಲಿ ಇಡೀ ಪುಟ.

ಒಂದು ಜೂನ್ ತಿಂಗಳು ಅವಳ ಕೈ ನಡುವೆಯೇ ನಿಂತಿತು. ಆಗತಾನೆ ನಾನು ಹೊರಹಾಕಿದ ಪುಟವನ್ನು ಎತ್ತಿಕೊಂಡು ಇನಾಮತಿಯವರ ಮುಂದೆ ಹಿಡಿದಳು. ಶಿಲ್ಲಾಂಗಿನಲ್ಲಿ ಸಸ್ಯಸಂಗ್ರಹ ಕಾಪಾಡುವ ಎರಡು ತಿಂಗಳ ತರಬೇತಿ, ಹನ್ನೆರಡು ಜನರಿಗೆ ಮಾತ್ರ.

“ಸರ, ಇದಕ್ಕ ನಾ ಅರ್ಜಿ ಹಾಕ್ಲ್ಯಾ?”

“ಪದವೀಧರರಿಗೆ ಅಂತ ಬರದಾರಲ್ಲವಾ ಕಸ್ತೂರಿ.”

“ಕೇಳಿ ನೋಡೂದರಾಗ ಏನ್ ಹೋಗ್ತದ್ರಿ?”

“ಕೇಳಿದ್ರ ನಗತಾರ. ಬಿಡು.”

ಅವರು ಕೆಟ್ಟವರಲ್ಲ. ಬರೆದದ್ದನ್ನು ಬರೆದ ಹಾಗೆ ನಂಬುವವರು, ಅಷ್ಟೆ. ಉಳಿದ ಪ್ರತಿಗಳನ್ನು ಅವಳು ತೆಗೆದಳು. ಅವತ್ತು ಹಿಡಿಕೆ ಎಂದಿಗಿಂತ ಜೋರಾಗಿ ತಿರುಗಿತು.

ಮುಂದಿನ ತಿಂಗಳು ಕೊನೆಯ ಪುಟದ ತಳದಲ್ಲಿ ನಾಲ್ಕು ಸಾಲಿನ ಜಾಗ ಉಳಿಯಿತು. ಏನು ತುಂಬಲಿ ಎಂದು ಇನಾಮತಿಯವರು ತಲೆ ಕೆರೆದುಕೊಂಡರು.

“ನನ್ನ ಕಡೆ ಒಂದು ಸುದ್ದಿ ಅದರಿ ಸರ,” ಎಂದಳು ಕಸ್ತೂರಿ.

ಒಣಗಿದ ಗಿಡಗಳಿಗೆ ಹುಳು ಬೀಳುವುದು ಎಲ್ಲ ಸಂಗ್ರಹಗಳ ಗೋಳು. ಬಾಣಂತಿ ಮನೆಯಲ್ಲಿ ಕೂಸಿಗೆ ತೇಯುವ ಬಜೆಬೇರನ್ನು ಅವಳು ಜಜ್ಜಿ, ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಒಂದು ಅಲಮಾರಿಯಲ್ಲಿ ಇಟ್ಟಿದ್ದಳು. ಪಕ್ಕದ ಅಲಮಾರಿಯಲ್ಲಿ ಇಟ್ಟಿರಲಿಲ್ಲ. ಮೂರು ಮಳೆಗಾಲ ಎರಡನ್ನೂ ತೆಗೆದು ನೋಡಿ, ಹುಳು ತಿಂದ ಹಾಳೆಗಳನ್ನು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿದ್ದಳು. ಬಜೆ ಇಲ್ಲದ ಕಡೆ ಅರವತ್ತೊಂದು. ಇದ್ದ ಕಡೆ ಒಂಬತ್ತು.

ಇನಾಮತಿಯವರು ಎದ್ದು ಹೋಗಿ ಎರಡೂ ಅಲಮಾರಿ ತೆಗೆದರು. ಒಂದೊಂದೇ ಹಾಳೆ ತಿರುವಿದರು. ಮರಳಿ ಬಂದಾಗ ಅವರ ಮುಖ ಕೆಂಪಗಾಗಿತ್ತು.

“ಮೂರು ವರ್ಷ ನನಗ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ರಿ.”

ಅವರು ತಾವೇ ಟೈಪು ಮಾಡಿದರು. ನಾಲ್ಕು ಸಾಲು, ಕೆಳಗೆ ಅವಳ ಹೆಸರು, ಪಕ್ಕದಲ್ಲಿ ಅಟೆಂಡರ್ ಎಂಬ ಹುದ್ದೆ. ಆ ಹೆಸರನ್ನು ನಾನು ಮುನ್ನೂರ ನಲವತ್ತು ಸಲ ಅಚ್ಚು ಹಾಕಿದೆ. ಒಂದರಲ್ಲೂ ಮಸಿ ಹರಡಗೊಡಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಕಾರ್ಡುಗಳು ಬಂದವು. ಕೊಯಮತ್ತೂರಿನವರಿಗೆ ಬೇರು ಎಷ್ಟು ಹಾಕಬೇಕೆಂದು ತಿಳಿಯಬೇಕಿತ್ತು. ಜೋಧಪುರದವರಿಗೆ ನಂಬಿಕೆಯೇ ಬಂದಿರಲಿಲ್ಲ. ಶಿಲ್ಲಾಂಗಿನಿಂದ ಬಂದದ್ದು ಕಾರ್ಡಲ್ಲ, ಪತ್ರ. ಇನಾಮತಿಯವರು ಅದನ್ನು ಗಟ್ಟಿಯಾಗಿ ಓದುತ್ತ ಹೋದರು. ತರಬೇತಿಯಲ್ಲಿ ಒಂದು ಸ್ಥಾನ ತೆರವಾಗಿದೆ. ಈಕೆಗೆ ಪದವಿಯ ನಿಯಮ ಸಡಿಲಿಸಲು ಒಪ್ಪಿಗೆ ಪಡೆದಿದ್ದೇವೆ. ಬರುವಾಗ ದಯವಿಟ್ಟು ಅರ್ಧ ಕಿಲೋ ಬಜೆಬೇರು ತರಬೇಕು.

ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನಾಮತಿಯವರು ಪತ್ರವನ್ನು ಮಡಚಿ ಅವಳ ಕೈಗಿತ್ತು, “ನಗತಾರ ಅಂದಿದ್ದೆ. ತಪ್ಪಾತು ನಂದು,” ಎಂದರು.

ಅವಳು ಹೋದ ಎರಡು ತಿಂಗಳು ಹಿಡಿಕೆ ಅವರೇ ತಿರುಗಿಸಿದರು. ಅಂಗಿಯ ತೋಳೆಲ್ಲ ಮಸಿ. ಅಕ್ಟೋಬರಿನ ಸಂಚಿಕೆಯಲ್ಲಿ ಐದನೆಯ ಪುಟ ತಲೆಕೆಳಗಾಗಿ ಹೋಯಿತು. ಜೋಧಪುರದವರು ಅದಕ್ಕೂ ಕಾರ್ಡು ಬರೆದರು.

ತಿರುಗಿ ಬಂದವಳು ಸುಮ್ಮನೆ ಕೂರಲಿಲ್ಲ. ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದಳು. ಮುಂದೆ ಆ ಸಂಗ್ರಹವೇ ಅವಳ ಉಸ್ತುವಾರಿಗೆ ಬಂತು. ಇನಾಮತಿಯವರು ತೀರಿಕೊಂಡ ಮೇಲೆ ಸಸ್ಯವಾರ್ತೆಯ ಅವಕಾಶಗಳ ಪುಟವನ್ನೂ ಕಸ್ತೂರಿಬಾಯಿಯೇ ನೋಡಿಕೊಂಡರು. ಪದವಿ ಕಡ್ಡಾಯ ಎಂದು ಬಂದ ಪ್ರತಿ ಪ್ರಕಟಣೆಗೂ ಅವರಿಂದ ಒಂದು ಕಾಗದ ಹೋಗುತ್ತಿತ್ತು: ನಿಜವಾಗಿಯೂ ಕಡ್ಡಾಯವೇ? ಹತ್ತರಲ್ಲಿ ಮೂರು ಕಡೆಯವರಾದರೂ ಅಲ್ಲ ಎಂದು ಒಪ್ಪಿ ಬರೆಯುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಈಗ ಸಸ್ಯವಾರ್ತೆ ಇ-ಮೇಲಿನಲ್ಲಿ ಹೋಗುತ್ತದೆ, ಒಂದು ಗಳಿಗೆಯಲ್ಲಿ ನಾಲ್ಕು ಸಾವಿರ ಜನಕ್ಕೆ. ನನಗೆ ಹೊಟ್ಟೆಕಿಚ್ಚಿಲ್ಲ. ಸುದ್ದಿ ಬೇಗ ಮುಟ್ಟಿದರೆ ಅರ್ಜಿ ಹಾಕುವವರಿಗೆ ನಾಲ್ಕು ದಿನ ಹೆಚ್ಚು ಸಿಗುತ್ತವೆ. ಗುಜರಿಯವನು ಎರಡು ಸಲ ಬಂದು ಬರಿಗೈಯಲ್ಲಿ ಹೋದ. ನಾನು ಕಿಟಕಿಯ ಬಳಿ ಬೆಚ್ಚಗಿದ್ದೇನೆ.

ಕಸ್ತೂರಿಬಾಯಿ ನಿವೃತ್ತರಾದರೂ ಗುರುವಾರ ಬರುತ್ತಾರೆ. ಕಳೆದ ವಾರ ಬೀದರಿನ ಉದ್ಯಾನವೊಂದರ ಮಾಲಿ, ಐವತ್ತರ ಹತ್ತಿರದ ಕಲ್ಲಪ್ಪ ಎಂಬುವವರು, ಈಗ ನಮ್ಮಲ್ಲೇ ನಡೆಯುವ ಸಸ್ಯಸಂಗ್ರಹದ ತರಬೇತಿಗೆ ಆಯ್ಕೆಯಾಗಿ ಬಂದಿದ್ದರು. ಸಸ್ಯವಾರ್ತೆಯ ಇ-ಮೇಲನ್ನು ಮಗಳು ಓದಿ ಹೇಳಿದಳಂತೆ. ಅವರು ನನ್ನ ಮುಂದೆ ನಿಂತರು.

“ಇದೇನ್ರಿ ಅಕ್ಕೋರ?”

“ಮೊದಲು ಸುದ್ದಿ ಇದರಾಗ ಬರ್ತಿತ್ತು. ತಿರುವಿ ನೋಡ್ರಿ.”

ಮಣ್ಣಿನಲ್ಲಿ ಪಳಗಿದ ಕೈ ಹಿಡಿಕೆಯ ಮೇಲೆ ಬಿತ್ತು. ಬಿಗಿದುಕೊಂಡಿದ್ದ ನನ್ನ ಉರುಳೆ ಗಡಗಡನೆ ಒಂದು ಸುತ್ತು ಹಾಕಿತು. ಮಸಿಯಿಲ್ಲ, ಹಾಳೆಯಿಲ್ಲ. ಆದರೂ ಕಲ್ಲಪ್ಪನವರು ಬಗ್ಗಿ, ಏನಾದರೂ ಬಂದೀತೇ ಎಂದು ತಟ್ಟೆಯೊಳಗೆ ಇಣುಕಿದರು.